ಕೆಟ್ಟ ಅಕ್ಷರಕ್ಕೊಂದು ಮದ್ದು, ಕತ್ತರಿಸಿದ ಒತ್ತಿಗೆ ಇನ್ನೊಂದು

ಪ್ರಶ್ನೆ: ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಬೆರಳಚ್ಚಾದ ಕನ್ನಡ ಲೇಖನಗಳನ್ನು ಸೇರಿಸಿ ಜಾಲತಾಣ ಮಾಡುತ್ತಿದ್ದೇನೆ. ಕೆಲವು ಕಡತಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಗುರುತುಗಳ ಸಾಲು ಬರುತ್ತದೆ. ಸರಿಯಾಗಿ ತೆರೆದುಕೊಳ್ಳುವ ಲೇಖನಗಳಲ್ಲಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಫಾಂಟ್ ಬದಲಿಸಿ ಬದಲಿಸಿ ಸಾಕಾಗಿದೆ. ಎರಡನ್ನೂ ಸರಿಪಡಿಸುವ ಒಂದು ಸಾಫ್ಟ್‌ವೇರ್ ಇದ್ದರೆ ತಿಳಿಸಿ.

ಉತ್ತರ: ಅಂಥ ಒಂದೇ ಸಾಫ್ಟ್‌ವೇರ್ ಇಲ್ಲ. ನಿಮ್ಮ ಎರಡು ತೊಂದರೆಗಳು ಒಂದೇ ಪರದೆಯ ಮೇಲೆ ಕಾಣಿಸಿಕೊಂಡರೂ ಅವುಗಳ ಬೇರು ಬೇರೆ ಬೇರೆ ಕಡೆ ಇದೆ. ಮೊದಲನೆಯದು ಎನ್‌ಕೋಡಿಂಗ್‌ಗೆ ಸೇರಿದ್ದು: ಕಡತದಲ್ಲಿರುವ ಸಂಖ್ಯೆಗಳು ಯಾವ ಅಕ್ಷರಗಳು ಎಂಬ ವಿಷಯ. ಎರಡನೆಯದು ಫಾಂಟಿನ ಅಳತೆಗೆ ಸೇರಿದ್ದು: ಆ ಅಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ವಿಷಯ. ಫಾಂಟ್ ಬದಲಿಸುವುದರಿಂದ ಯುನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) ಕಡತದ ಮೊದಲ ತೊಂದರೆ ಎಂದೂ ಹೋಗುವುದಿಲ್ಲ, ಎರಡನೆಯದು ಅದೃಷ್ಟವಿದ್ದರೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಂಡದ್ದನ್ನು ಪಕ್ಕಕ್ಕಿಟ್ಟು ಮೊದಲು ಬೈಟ್‌ಗಳನ್ನು, ಅಂದರೆ ಕಡತದಲ್ಲಿರುವ ಸಂಖ್ಯೆಗಳನ್ನು ನೋಡಿ, ಆಮೇಲೆ ಫಾಂಟನ್ನು ನೋಡಿ. ಉಪಕರಣದ ಆಯ್ಕೆ ಈ ಕ್ರಮದಿಂದಲೇ ತಾನಾಗಿ ಹೊರಬೀಳುತ್ತದೆ.

ಕೆಟ್ಟ ಅಕ್ಷರಗಳಲ್ಲೂ ಜಾತಿಗಳಿವೆ, ಒಂದೊಂದೂ ತನ್ನ ಕಥೆಯನ್ನು ತಾನೇ ಹೇಳುತ್ತದೆ. ‘ಕ’ ಅಕ್ಷರವನ್ನು ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 3221. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಉಳಿಸಿದಾಗ ಅದು ಮೂರು ಬೈಟ್‌ಗಳಾಗುತ್ತದೆ: 224, 178, 149. ಈ ಕಡತವನ್ನು ಯಾವುದೋ ಪ್ರೋಗ್ರಾಂ ವಿಂಡೋಸ್-1252 (ಪಶ್ಚಿಮ ಐರೋಪ್ಯ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದು ತಪ್ಪಾಗಿ ಓದಿತು ಎನ್ನೋಣ. ಅದಕ್ಕೆ ಒಂದು ಬೈಟ್ ಎಂದರೆ ಒಂದು ಅಕ್ಷರ. 224 ಎಂದರೆ ತಲೆಯ ಮೇಲೆ ಓರೆಗೆರೆ ಹೊತ್ತ ಸಣ್ಣ ಎ, 178 ಎಂದರೆ ಮೇಲಕ್ಕೇರಿದ ಪುಟ್ಟ 2, 149 ಎಂದರೆ ದಪ್ಪ ಚುಕ್ಕೆ. ಇಂದಿನ ಕನ್ನಡದ ವ್ಯಂಜನಗಳೆಲ್ಲ 224, 178 ಎಂದು ಶುರುವಾಗುತ್ತವೆ. ಕೊಂಬು, ಏತ್ವ, ಓತ್ವ, ಹಲಂತ ಮೊದಲಾದ ಚಿಹ್ನೆಗಳು 224, 179 ಎಂದು ಶುರುವಾಗುತ್ತವೆ. ಹಾಗಾಗಿ ಪರದೆಯ ತುಂಬ ಓರೆಗೆರೆಯ ಸಣ್ಣ ಎ, ಅದರ ಬೆನ್ನಿಗೇ ಪುಟ್ಟ 2 ಅಥವಾ ಪುಟ್ಟ 3 ಕಂಡರೆ ಸಂಶಯವೇ ಬೇಡ. ಅದು ಅಪ್ಪಟ ಯುನಿಕೋಡ್ ಕನ್ನಡ, ತಪ್ಪಾಗಿ ಓದಲಾಗಿದೆ ಅಷ್ಟೆ.

ಅದೇ ಓರೆಗೆರೆ ದೊಡ್ಡ ಎ ಮೇಲಿದ್ದು, ನಡುನಡುವೆ ಬ್ರಿಟಿಷ್ ಪೌಂಡ್ ಗುರುತು, ಜರ್ಮನ್ ಭಾಷೆಯ ಜೋಡಿ ಎಸ್ ಕಂಡರೆ ಅದು ಬೇರೆಯೇ ಪ್ರಾಣಿ. ನುಡಿಯಂಥ ಹಳೆಯ ತಂತ್ರಾಂಶಗಳ ಆಸ್ಕಿ ಫಾಂಟ್‌ಗಳಲ್ಲಿ ಬರೆದ ಪಠ್ಯ ಹೀಗೆ ಕಾಣುತ್ತದೆ. ಅಲ್ಲಿ ‘ಕನ್ನಡ’ ಎಂಬ ಪದ ರೋಮನ್ ದೊಡ್ಡ ಪಿ, ಓರೆಗೆರೆಯ ಎ, ಪೌಂಡ್, ಮತ್ತೆ ಓರೆಗೆರೆಯ ಎ, ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಓರೆಗೆರೆಯ ಎ. ದೊಡ್ಡ ಪಿ ಎಂದರೆ ತಲೆಕಟ್ಟು ಇಲ್ಲದ ‘ಕ’ದ ಮೈ, ಓರೆಗೆರೆಯ ಎ ಎಂದರೆ ತಲೆಕಟ್ಟು, ಜೋಡಿ ಎಸ್ ಎಂದರೆ ನ-ಒತ್ತು. ಕಡತದಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. ಅವನ್ನು ಕನ್ನಡವಾಗಿಸುತ್ತಿದ್ದುದು ಆ ನಿರ್ದಿಷ್ಟ ಫಾಂಟ್ ಮಾತ್ರ.

ಇನ್ನು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ, ಕನ್ನಡವನ್ನು ಹಿಡಿಸಲಾರದ ಎನ್‌ಕೋಡಿಂಗ್‌ನಲ್ಲಿ ಯಾರೋ ಅದನ್ನು ಉಳಿಸಿದ್ದಾರೆ. ಮೂಲ ಹೋಯಿತು, ಬೇರೆ ಪ್ರತಿ ಹುಡುಕಬೇಕು. ಚೌಕ ಡಬ್ಬಿಗಳು ಕಂಡರೆ ಪಠ್ಯಕ್ಕೆ ಏನೂ ಆಗಿಲ್ಲ, ಫಾಂಟಿನಲ್ಲಿ ಆ ಅಕ್ಷರವಿಲ್ಲ. ಚುಕ್ಕೆಗಳ ವೃತ್ತದ ಪಕ್ಕ ಏತ್ವವೋ ಕೊಂಬೋ ಒಂಟಿಯಾಗಿ ನಿಂತಿದ್ದರೆ ಅಕ್ಷರಗಳ ಕ್ರಮ ತಪ್ಪಿದೆ.

ಬೈಟ್‌ಗಳನ್ನು ನೋಡಲು ದೊಡ್ಡ ಸಿದ್ಧತೆ ಬೇಡ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಓಡಿ’ (od) ಎಂಬ ಪುಟ್ಟ ಆಜ್ಞೆ ಇದೆ, ದಶಮಾನದಲ್ಲೇ ತೋರಿಸು ಎಂದರೆ ತೋರಿಸುತ್ತದೆ. ವಿಂಡೋಸ್‌ನಲ್ಲಿ ಎಚ್‌ಎಕ್ಸ್‌ಡಿ ಎಂಬ ಉಚಿತ ಸಂಪಾದಕ ಸಾಕು. ಅಭ್ಯಾಸಕ್ಕೆ ‘ಕನ್ನಡ’ ಎಂದಷ್ಟೇ ಬರೆದು ಯುಟಿಎಫ್-8ರಲ್ಲಿ ಉಳಿಸಿ ನೋಡಿ. ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್‌ಗೆ ಐದು (ಕ, ನ, ಹಲಂತ, ನ, ಡ), ಡಿಸ್ಕಿನಲ್ಲಿ 15 ಬೈಟ್. ಈ ಮೂರು ಎಣಿಕೆಗಳು ಮನಸ್ಸಿನಲ್ಲಿ ಬೇರೆ ಬೇರೆಯಾಗಿ ನಿಂತರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಕಡತದ ಎನ್‌ಕೋಡಿಂಗ್ ಯಾವುದೆಂದು ಊಹಿಸುವ ಯುಚಾರ್ಡೆಟ್, ಚಾರ್ಡೆಟ್ ಮುಂತಾದ ಉಪಕರಣಗಳನ್ನು ನಾನೂ ಬಳಸುತ್ತೇನೆ, ಆದರೆ ಅವು ಹೇಳಿದ್ದನ್ನೆಲ್ಲ ನಂಬುವುದಿಲ್ಲ. ‘ಯುಟಿಎಫ್-8’ ಎಂದರೆ ನಂಬಬಹುದು, ಏಕೆಂದರೆ ಅದರ ಬೈಟ್‌ಗಳಿಗೆ ಕಟ್ಟುನಿಟ್ಟಾದ ವಿನ್ಯಾಸವಿದೆ. ಬೇರೆ ಪಠ್ಯ ಆಕಸ್ಮಿಕವಾಗಿ ಆ ವಿನ್ಯಾಸಕ್ಕೆ ಹೊಂದುವುದು ಬಹಳ ಅಪರೂಪ. ಬೇರೆ ಯಾವ ಹೆಸರು ಹೇಳಿದರೂ ಅದು ಊಹೆಯೇ. ನುಡಿ ಪಠ್ಯವನ್ನು ಕೊಟ್ಟರೆ ಅವು ಹೆಚ್ಚಾಗಿ ಯಾವುದೋ ಐರೋಪ್ಯ ಎನ್‌ಕೋಡಿಂಗ್ ಹೆಸರು ಹೇಳುತ್ತವೆ, ಏಕೆಂದರೆ ಬೈಟ್‌ಗಳ ಮಟ್ಟದಲ್ಲಿ ಅದು ನಿಜಕ್ಕೂ ರೋಮನ್ ಪಠ್ಯವೇ. ಖಚಿತ ಪರೀಕ್ಷೆ ಬೇಕಿದ್ದರೆ ಐಕಾನ್ವ್ ಎಂಬ ಹಳೆಯ, ಗಟ್ಟಿ ಉಪಕರಣಕ್ಕೆ ಕಡತವನ್ನು ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಪರಿವರ್ತಿಸಲು ಹೇಳಿ. ತಪ್ಪು ಬೈಟ್ ಸಿಕ್ಕಿದಲ್ಲಿ ಅದು ನಿಂತು ದೂರು ಹೇಳುತ್ತದೆ. ಸದ್ದಿಲ್ಲದೆ ಮುಗಿದರೆ ಕಡತದ ವಿನ್ಯಾಸ ಸರಿ ಇದೆ.

ತಪ್ಪಾಗಿ ಓದಿದ್ದಷ್ಟೇ ಆಗಿದ್ದು, ಕಡತವನ್ನು ಹಾಗೆಯೇ ಉಳಿಸದಿದ್ದರೆ ಮದ್ದು ಸುಲಭ: ಸರಿಯಾದ ಎನ್‌ಕೋಡಿಂಗ್ ಹೇಳಿ ಮತ್ತೆ ತೆರೆಯುವುದು. ಇಲ್ಲಿ ಒಂದು ಎಚ್ಚರ. ವಿಎಸ್ ಕೋಡ್‌ನಂಥ ಸಂಪಾದಕಗಳಲ್ಲಿ ‘ಈ ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆರೆ’, ‘ಈ ಎನ್‌ಕೋಡಿಂಗ್‌ನಲ್ಲಿ ಉಳಿಸು’ ಎಂಬ ಎರಡು ಆಯ್ಕೆಗಳು ಪಕ್ಕಪಕ್ಕದಲ್ಲಿವೆ. ಮೊದಲನೆಯದು ಬೈಟ್‌ಗಳನ್ನು ಮುಟ್ಟುವುದಿಲ್ಲ, ಓದುವ ಬಗೆಯನ್ನಷ್ಟೇ ಬದಲಿಸುತ್ತದೆ. ಎರಡನೆಯದು ಪರದೆಯ ಮೇಲಿರುವ ಕಸವನ್ನೇ ಹೊಸ ಬೈಟ್‌ಗಳಾಗಿ ಬರೆದುಬಿಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲೂ ಎನ್‌ಕೋಡಿಂಗ್ ಆರಿಸುವ ಸಾಲುಗಳು ಮತ್ತು ಪರಿವರ್ತಿಸುವ ಸಾಲುಗಳು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇವೆ. ಒಂದು ಸಲ ಒಂದು ದೊಡ್ಡ ಪದಪಟ್ಟಿಯನ್ನು ನಾನೇ ಹೀಗೆ ಉಳಿಸಿ, ಎರಡು ವಾರ ಕೂತು ಸರಿಪಡಿಸಿದೆ. ಎರಡು ವಾರ ಹಿಡಿದದ್ದು ಏಕೆಂದು ಹೇಳಬೇಕು, ಏಕೆಂದರೆ ನಿಮ್ಮ ಕೆಲವು ಕಡತಗಳಿಗೂ ಅದೇ ಗತಿಯಾಗಿರಬಹುದು.

ವಿಂಡೋಸ್-1252ರ 256 ಸ್ಥಾನಗಳಲ್ಲಿ ಐದು ಖಾಲಿ: 129, 141, 143, 144, 157. ಈಗ ಕನ್ನಡದ ಕಡೆ ನೋಡಿ. ಕೊಂಬಿನ ಮೂರನೆಯ ಬೈಟ್ 129. ಹಲಂತದ ಮೂರನೆಯ ಬೈಟ್ 141. ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಾಗುವ ಚಿಹ್ನೆಗಳಲ್ಲಿ ಎರಡು ನೇರವಾಗಿ ಖಾಲಿ ಗುಂಡಿಗೆ ಬೀಳುತ್ತವೆ! ಜೊತೆಗೆ ಏ, ಐ, ಝ ಅಕ್ಷರಗಳೂ ಬೀಳುತ್ತವೆ. ಕೆಲವು ಪ್ರೋಗ್ರಾಂಗಳು ಆ ಜಾಗದಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತವೊಂದನ್ನು ಉಳಿಸಿಕೊಳ್ಳುತ್ತವೆ, ಕೆಲವು ಅದನ್ನು ಎಸೆದುಬಿಡುತ್ತವೆ. ಇಷ್ಟೇ ಅಲ್ಲ, ‘ಠ’ದ ಕೊನೆಯ ಬೈಟ್ 160, ಅಂದರೆ ಸಾಲು ಮುರಿಯದ ಖಾಲಿ ಜಾಗ; ‘ಭ’ದ್ದು 173, ಅಂದರೆ ಸಾಮಾನ್ಯವಾಗಿ ಕಾಣದ ಮೃದು ಅಡ್ಡಗೆರೆ. ನಕಲು ಮಾಡಿ ಅಂಟಿಸುವಾಗ ಇವೂ ಕಳೆದುಹೋಗಬಹುದು.

ಹೀಗೆ ಉಳಿಸಿ ಕೆಟ್ಟ ಕಡತಕ್ಕೆ ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿಯನ್ನು ಮೊದಲು ಪ್ರಯತ್ನಿಸಿ. ಅದು ತಪ್ಪು ಓದನ್ನು ಹಿಮ್ಮುಖವಾಗಿ ಬಿಚ್ಚುತ್ತದೆ. ಖಾಲಿ ಸ್ಥಾನಗಳಲ್ಲಿ ಕಾಣದ ಸಂಕೇತ ಉಳಿದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಐಕಾನ್ವ್ ಅಂಥಲ್ಲಿ ಸಾಮಾನ್ಯವಾಗಿ ಮುಗ್ಗರಿಸುತ್ತದೆ. ಸಂಕೇತವೇ ಕಳೆದುಹೋಗಿದ್ದರೆ 224, 179 ಎಂಬ ಜೋಡಿ ಮೂರನೆಯ ಬೈಟ್ ಇಲ್ಲದೆ ಅನಾಥವಾಗಿ ನಿಂತಿರುತ್ತದೆ. ಅದು ಹೆಚ್ಚುಕಡಿಮೆ ಯಾವಾಗಲೂ ಕೊಂಬು ಅಥವಾ ಹಲಂತ. ಯಾವುದು ಎಂದು ಯಂತ್ರ ಹೇಳಲಾರದು: ‘ಕನ್ನಡ’ವೋ ‘ಕನುನಡ’ವೋ ಎಂದು ತಿಳಿಯಲು ನಿಘಂಟು ಬೇಕು, ಇಲ್ಲವೇ ಕನ್ನಡ ಬಲ್ಲ ಕಣ್ಣು ಬೇಕು. ನನ್ನ ಎರಡು ವಾರ ಹೋದದ್ದು ಅಲ್ಲೇ.

ಹಳೆಯ ಆಸ್ಕಿ ಫಾಂಟಿನ ಲೇಖನಗಳಿಗೆ ಐಕಾನ್ವ್, ಎಫ್‌ಟಿಎಫ್‌ವೈ ಯಾವುದೂ ಕೆಲಸಕ್ಕೆ ಬಾರವು. ಆ ಫಾಂಟಿನ ತುಂಡುಗಳ ಪಟ್ಟಿ ಗೊತ್ತಿರುವ ಪರಿವರ್ತಕವೇ ಬೇಕು, ಮತ್ತು ಪಟ್ಟಿ ಒಂದೊಂದು ತಂತ್ರಾಂಶಕ್ಕೂ ಬೇರೆಯಾಗಿರಬಹುದು. ಪರಿವರ್ತಕ ಒಳ್ಳೆಯದೋ ಅಲ್ಲವೋ ಎಂದು ಪರೀಕ್ಷಿಸಲು ‘ಕರ್ನಾಟಕ’ ಪದ ಸಾಕು. ಆಸ್ಕಿ ಪಠ್ಯದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ‘ನಾ’ ಆದಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರ ಮತ್ತು ಹಲಂತ ಮೊದಲು. ಸುಮ್ಮನೆ ಒಂದಕ್ಕೊಂದು ಅಕ್ಷರ ಬದಲಿಸುವ ಪರಿವರ್ತಕ ಇಲ್ಲಿ ಎಡವುತ್ತದೆ. ಇನ್ನೊಂದು ಮಾತು: ಈ ಲೇಖನಗಳನ್ನು ಸಾದಾ ಪಠ್ಯವಾಗಿ ಉಳಿಸಿದ ಮೇಲೆ ಪರಿವರ್ತಿಸಬೇಡಿ. ನಡುವೆ ಬಂದ ನಿಜವಾದ ಇಂಗ್ಲಿಷ್ ಪದ ಯಾವುದು, ಕನ್ನಡದ ತುಂಡು ಯಾವುದು ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಸಾದಾ ಪಠ್ಯದಲ್ಲಿ ಆ ಹೆಸರು ಉಳಿಯುವುದಿಲ್ಲ. ವರ್ಡ್ ಕಡತವಿದ್ದರೆ ಅದರಿಂದಲೇ ಹೊರಡಿ.

ಪರಿವರ್ತನೆಯಾದ ಪಠ್ಯ ನೋಡಲು ಸರಿಯಿದ್ದರೂ ಹುಡುಕಿದರೆ ಸಿಗದೆ ಹೋಗಬಹುದು. ಓತ್ವ ಒಂದೇ ಸಂಕೇತವಾಗಿರಬಹುದು, ಏತ್ವ ಮತ್ತು ದೀರ್ಘ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ಎರಡೂ ಒಂದೇ ಥರ ಕಾಣುತ್ತವೆ. ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಕ್ರಮಬದ್ಧ ರೂಪಕ್ಕೆ ಇಡೀ ಸಂಗ್ರಹವನ್ನು ಒಮ್ಮೆ ತಂದುಬಿಡಿ. ಐಸಿಯು ಬಳಗದ ಯುಕಾನ್ವ್ ಅಥವಾ ಪೈಥಾನ್‌ನೊಳಗೇ ಇರುವ ಯುನಿಕೋಡ್‌ಡೇಟಾ ಇದಕ್ಕೆ ಸಾಕು. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಒತ್ತು ಬರದಂತೆ ತಡೆಯುವ ಶೂನ್ಯ ಅಗಲದ ಸಂಕೇತವನ್ನು ಮಾತ್ರ ಕಸವೆಂದು ಅಳಿಸಬೇಡಿ. ಹುಡುಕಾಟದ ಸೂಚಿಯಲ್ಲಿ ಬೇಕಾದರೆ ಕೈಬಿಡಿ, ಪಠ್ಯದಲ್ಲಿ ಇರಲಿ.

ಗುಮಾನಿಯ ಅಕ್ಷರವೊಂದರ ಹೆಸರು, ಸಂಖ್ಯೆ ತಿಳಿಯಬೇಕಾದಾಗ ವಿಂಡೋಸ್‌ನಲ್ಲಿ ಬೇಬೆಲ್‌ಪ್ಯಾಡ್ ನನಗೆ ಬಹಳ ಇಷ್ಟ. ಅದರಲ್ಲಿ ಹಳಗನ್ನಡದ ‘ೞ’ ಹುಡುಕಿದರೆ ಯುನಿಕೋಡ್ ಹೆಸರು ‘ಫ’ ಎಂದು ಬರುತ್ತದೆ, ಗಾಬರಿಯಾಗಬೇಡಿ. ಆರಂಭದಲ್ಲಿ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯುನಿಕೋಡ್‌ನ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಆ ಸಂಖ್ಯೆಯಲ್ಲಿರುವ ಅಕ್ಷರ ನಮ್ಮ ೞಕಾರವೇ.

ಈಗ ಕತ್ತರಿಸಿದ ಒತ್ತಿನ ವಿಷಯ. ಫಾಂಟನ್ನು ದೂರುವ ಮೊದಲು ಜಾಲಪುಟದ ಶೈಲಿಯನ್ನು ನೋಡಿ. ಬ್ರೌಸರ್‌ಗಳು ಸಾಮಾನ್ಯವಾಗಿ ಅಕ್ಷರವನ್ನು ತಾವಾಗಿ ಕತ್ತರಿಸುವುದಿಲ್ಲ. ಸಾಲಿನಿಂದ ಹೊರಗೆ ಚಾಚಿದ್ದನ್ನೂ ಬಿಡಿಸುತ್ತವೆ. ಹೊರಚಾಚಿದ್ದನ್ನು ಅಡಗಿಸು ಎಂದು ಶೈಲಿಯಲ್ಲಿ ಬರೆದಿದ್ದರೆ, ಅಥವಾ ಶೀರ್ಷಿಕೆಯನ್ನು ಎರಡೇ ಸಾಲಿಗೆ ನಿಲ್ಲಿಸುವ ಉಪಾಯ ಹೂಡಿದ್ದರೆ ಒತ್ತಿನ ಬುಡ ಹೋಗುತ್ತದೆ. ಬ್ರೌಸರ್‌ನ ಪರಿಶೀಲನಾ ಕಿಟಕಿ ತೆರೆದು ಆ ಒಂದು ನಿಯಮವನ್ನು ತಾತ್ಕಾಲಿಕವಾಗಿ ತೆಗೆದು ನೋಡಿ. ಒತ್ತು ಮರಳಿ ಬಂದರೆ ಕಾರಣ ಸಿಕ್ಕಿತು. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.6ರಿಂದ 1.8 ಪಟ್ಟು ಇಡಿ. ರೋಮನ್ ಲಿಪಿಗೆ ಹೊಲಿದ 1.2ರ ಅಂಗಿ ಕನ್ನಡಕ್ಕೆ ಬಿಗಿಯಾಗುತ್ತದೆ. ವರ್ಡ್‌ನಲ್ಲೂ ಹೀಗೇ ಆದರೆ ಸಾಲಿನ ಅಂತರ ‘ಇಷ್ಟೇ ಪಾಯಿಂಟ್’ ಎಂದು ನಿಗದಿಯಾಗಿದೆಯೇ ನೋಡಿ.

ಇವೆಲ್ಲ ಸರಿಯಿದ್ದರೆ ಫಾಂಟಿನೊಳಕ್ಕೆ ಇಳಿಯಬೇಕು. ಫಾಂಟ್‌ಟೂಲ್ಸ್ ಎಂಬ ಪೈಥಾನ್ ಲೈಬ್ರರಿಯನ್ನು ಹಾಕಿಕೊಂಡರೆ ಅದರೊಡನೆ ಟಿಟಿಎಕ್ಸ್ ಎಂಬ ಆಜ್ಞೆ ಬರುತ್ತದೆ. ಅದು ಫಾಂಟನ್ನು ಮನುಷ್ಯರು ಓದಬಲ್ಲ ಎಕ್ಸ್‌ಎಂಎಲ್ ಪಠ್ಯವಾಗಿ ಬಿಚ್ಚಿಡುತ್ತದೆ. ಇಡೀ ಫಾಂಟನ್ನು ಬಿಚ್ಚಿದರೆ ಕಡತ ಬೆಟ್ಟದಷ್ಟಾಗುತ್ತದೆ. ಹೆಡ್, ಎಚ್‌ಎಚ್‌ಇಎ, ಓಎಸ್/2 ಎಂಬ ಮೂರು ಕೋಷ್ಟಕಗಳನ್ನಷ್ಟೇ ಕೇಳಿ. ಹೆಡ್‌ನಲ್ಲಿ ಅಕ್ಷರದ ಚೌಕಕ್ಕೆ ಎಷ್ಟು ಮಾನಗಳು ಎಂದಿರುತ್ತದೆ, ಹೆಚ್ಚಾಗಿ 1000 ಅಥವಾ 2048. ಉಳಿದ ಅಳತೆಗಳನ್ನೆಲ್ಲ ಇದಕ್ಕೆ ಹೋಲಿಸಿಯೇ ಓದಬೇಕು.

ಸಾಲು ಎಷ್ಟು ಮೇಲೇರುತ್ತದೆ, ಎಷ್ಟು ಕೆಳಗಿಳಿಯುತ್ತದೆ ಎಂಬುದಕ್ಕೆ ಫಾಂಟಿನಲ್ಲಿ ಒಂದಲ್ಲ, ಮೂರು ಜೋಡಿ ಉತ್ತರಗಳಿವೆ. ಎಚ್‌ಎಚ್‌ಇಎ ಜೋಡಿಯನ್ನು ಮ್ಯಾಕ್ ಓದುತ್ತದೆ. ಓಎಸ್/2 ಕೋಷ್ಟಕದಲ್ಲಿ ‘ಟೈಪೋ’ ಜೋಡಿ ಒಂದು, ‘ವಿನ್’ ಜೋಡಿ ಒಂದು. ವಿಂಡೋಸ್‌ನ ಹಳೆಯ ಮಾದರಿಯ ಪ್ರೋಗ್ರಾಂಗಳು ವಿನ್ ಜೋಡಿಯನ್ನು ನೋಡುತ್ತವೆ, ಅದರ ಗೆರೆ ದಾಟಿದ ಶಾಯಿಯನ್ನು ಕತ್ತರಿಸಿಬಿಡುತ್ತವೆ. ಅದೇ ಕೋಷ್ಟಕದ ಒಂದು ಗುಂಪಿನಲ್ಲಿ ಏಳನೆಯ ಬಿಟ್ (ಎಣಿಕೆ ಸೊನ್ನೆಯಿಂದ ಶುರು) ಎಂಬ ಸ್ವಿಚ್ ಇದೆ. ಅದನ್ನು ಹಾಕಿದರೆ ‘ಸಾಲಿನ ಎತ್ತರಕ್ಕೆ ಟೈಪೋ ಜೋಡಿಯನ್ನೇ ನಂಬು’ ಎಂದರ್ಥ. ಮೂರು ಜೋಡಿಗಳು ಮೂರು ಮಾತು ಹೇಳುತ್ತಿದ್ದರೆ ಅದೇ ಪುಟ ಒಂದು ಯಂತ್ರದಲ್ಲಿ ಸಡಿಲವಾಗಿಯೂ ಇನ್ನೊಂದರಲ್ಲಿ ಇಕ್ಕಟ್ಟಾಗಿಯೂ ಕಾಣುತ್ತದೆ.

ಶಾಯಿ ನಿಜಕ್ಕೂ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಅಕ್ಷರಗಳನ್ನು ಜೋಡಿಸಿ ಆಕೃತಿ ಕೊಡುವ ಹಾರ್ಫ್‌ಬಜ್ ಬಳಗದ ಎಚ್‌ಬಿ-ಶೇಪ್ ತೋರಿಸುತ್ತದೆ. ಫಾಂಟನ್ನೂ ‘ಸ್ತ್ರೀ’ ಪದವನ್ನೂ ಕೊಟ್ಟರೆ ಯಾವ ಯಾವ ಆಕೃತಿಗಳು ಬಂದವು, ಒಂದೊಂದೂ ಎಷ್ಟು ಸರಿದು ಕೂತಿದೆ ಎಂದು ಸಾಲಾಗಿ ಬರೆಯುತ್ತದೆ. ಗಾತ್ರವನ್ನೂ ತೋರಿಸು ಎಂದು ಕೇಳಿದರೆ ಒಂದೊಂದು ಆಕೃತಿಯ ಮೇಲಂಚು ಮತ್ತು ಎತ್ತರವೂ ಸಿಗುತ್ತದೆ, ಅದರಿಂದ ಕೆಳಅಂಚನ್ನು ಲೆಕ್ಕ ಹಾಕಬಹುದು. ಹೆಡ್ ಕೋಷ್ಟಕದ ‘ಕನಿಷ್ಠ ವೈ’ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಅದು ಬಿಡಿ ಆಕೃತಿಗಳ ಅಳತೆ. ಹಲವು ಫಾಂಟ್‌ಗಳಲ್ಲಿ ತ-ಒತ್ತಿನ ಕೆಳಗೆ ಕೂರುವ ಎರಡನೆಯ ಒತ್ತನ್ನು ಬರೆಯುವ ಹೊತ್ತಿನಲ್ಲಿ ಕೆಳಕ್ಕೆ ಸರಿಸಲಾಗುತ್ತದೆ, ಆ ಸರಿತ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಚೌಕಕ್ಕೆ 1000 ಮಾನ, ವಿನ್ ಜೋಡಿಯ ಕೆಳ ಅಳತೆ 300, ‘ಸ್ತ್ರೀ’ಯ ತಳ 420ರವರೆಗೆ ಇಳಿಯುತ್ತದೆ ಎಂದುಕೊಳ್ಳಿ. 120 ಮಾನ ಗೆರೆಯಾಚೆ ಹೋಯಿತು. 16 ಪಿಕ್ಸೆಲ್ ಅಕ್ಷರದಲ್ಲಿ ಅದು ಸುಮಾರು ಎರಡು ಪಿಕ್ಸೆಲ್, ಅಂದರೆ ರ-ಒತ್ತಿನ ತಿರುವೇ ಮಾಯ. 40 ಪಿಕ್ಸೆಲ್ ಶೀರ್ಷಿಕೆಯಲ್ಲಿ ಹೆಚ್ಚುಕಡಿಮೆ ಐದು ಪಿಕ್ಸೆಲ್.

ತಿದ್ದುವಾಗ ನಾನು ಪಾಲಿಸುವ ಕ್ರಮ ಹೀಗಿದೆ: ವಿನ್ ಜೋಡಿ ಅತಿ ಎತ್ತರದ ಮತ್ತು ಅತಿ ಆಳದ ಶಾಯಿಯನ್ನು ಒಳಗೊಳ್ಳಬೇಕು, ಟೈಪೋ ಮತ್ತು ಎಚ್‌ಎಚ್‌ಇಎ ಜೋಡಿಗಳು ಒಂದೇ ಆಗಿರಬೇಕು, ಸಾಲುಗಳ ನಡುವಿನ ಹೆಚ್ಚುವರಿ ಅಂತರ ಎರಡರಲ್ಲೂ ಸೊನ್ನೆ, ಏಳನೆಯ ಬಿಟ್ ಹಾಕಿರಬೇಕು. ವಿನ್‌ನ ಕೆಳ ಅಳತೆಯನ್ನು ಧನ ಸಂಖ್ಯೆಯಾಗಿ, ಉಳಿದೆರಡರ ಕೆಳ ಅಳತೆಯನ್ನು ಋಣ ಸಂಖ್ಯೆಯಾಗಿ ಬರೆಯಬೇಕು ಎಂಬುದನ್ನು ಮರೆಯಬೇಡಿ. ತಿದ್ದಿದ ಎಕ್ಸ್‌ಎಂಎಲ್ ಅನ್ನು ಟಿಟಿಎಕ್ಸ್‌ನ ವಿಲೀನ ಆಯ್ಕೆಯಿಂದ ಮೂಲ ಫಾಂಟಿಗೆ ಸೇರಿಸಿದರೆ ಅಕ್ಷರರೂಪಗಳಿಗೂ ಒತ್ತಕ್ಷರದ ನಿಯಮಗಳಿಗೂ ಕೈ ತಾಗುವುದಿಲ್ಲ.

ಫಾಂಟ್ ಬಿಡಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲೇ ಇದನ್ನು ಮಾಡಬಹುದಲ್ಲ ಎನ್ನುವವರಿದ್ದಾರೆ. ಆಕೃತಿಗಳನ್ನು ಕಣ್ಣಾರೆ ನೋಡಲು, ಹೊಸ ಅಕ್ಷರ ಬಿಡಿಸಲು ಅದು ನನಗೂ ಬೇಕು. ಎರಡು ಸಂಖ್ಯೆ ತಿದ್ದಲು ಮಾತ್ರ ಅದನ್ನು ಬಳಸಬೇಡಿ ಎನ್ನುತ್ತೇನೆ. ಅದು ಫಾಂಟನ್ನು ಪೂರ್ತಿ ಮತ್ತೆ ಕಟ್ಟುತ್ತದೆ, ಕನ್ನಡದಂಥ ಲಿಪಿಯ ನಿಯಮಗಳು ಆ ದಾರಿಯಲ್ಲಿ ಬದಲಾಗಬಹುದು. ಬಳಸಲೇಬೇಕಾದರೆ ಅಳತೆಯ ಪಕ್ಕದ ‘ಆಫ್‌ಸೆಟ್’ ಗುರುತನ್ನು ತೆಗೆದುಹಾಕಿ, ಇಲ್ಲದಿದ್ದರೆ ನೀವು ಬರೆದ ಸಂಖ್ಯೆಯನ್ನು ಅದು ಶಾಯಿಯ ಅಂಚಿನಿಂದ ಎಣಿಸುತ್ತದೆ. ಫಾಂಟ್ ನಿಮ್ಮದಲ್ಲದಿದ್ದರೆ ಪರವಾನಗಿ ಓದಿ. ಮುಕ್ತ ಫಾಂಟ್ ಪರವಾನಗಿಯಲ್ಲಿ ಕಾಯ್ದಿರಿಸಿದ ಹೆಸರಿದ್ದರೆ ತಿದ್ದಿದ ಪ್ರತಿಗೆ ಬೇರೆ ಹೆಸರಿಡಬೇಕು. ಹೇಗಿದ್ದರೂ ಬೇರೆ ಹೆಸರಿಡುವುದೇ ಕ್ಷೇಮ, ಹಳೆಯ ಪ್ರತಿ ಕಂಪ್ಯೂಟರಿನ ತಾತ್ಕಾಲಿಕ ಸಂಗ್ರಹದಿಂದ (ಕ್ಯಾಶ್) ಎದ್ದುಬಂದು ಗೊಂದಲ ಮಾಡುವುದಿಲ್ಲ.

ನಿಮ್ಮ ಸಂಗ್ರಹದಲ್ಲಿ ಪಿಡಿಎಫ್‌ಗಳಿದ್ದರೆ ಪಾಪ್ಲರ್ ಬಳಗದ ಪಿಡಿಎಫ್‌ಫಾಂಟ್ಸ್ ಆಜ್ಞೆ ಓಡಿಸಿ. ಒಂದೊಂದು ಫಾಂಟಿನ ಎದುರು ಯುನಿಕೋಡ್ ನಕ್ಷೆ ಇದೆಯೇ ಇಲ್ಲವೇ ಎಂದು ಅದು ಹೇಳುತ್ತದೆ. ಇಲ್ಲ ಎಂದಿದ್ದರೆ ಅಲ್ಲಿಂದ ಪಠ್ಯ ನಕಲು ಮಾಡುವ ಶ್ರಮ ಬೇಡ. ಇದೆ ಎಂದಿದ್ದರೂ ಒತ್ತುಗಳ ಕ್ರಮವನ್ನು ಕಣ್ಣಿಟ್ಟು ನೋಡಿ.

ಕೆಲಸ ಶುರುಮಾಡುವ ಮೊದಲು ಮೂಲ ಕಡತಗಳನ್ನೆಲ್ಲ ಬೇರೊಂದು ಫೋಲ್ಡರಿಗೆ ನಕಲಿಸಿ, ಅದನ್ನು ಬರೆಯಲಾಗದಂತೆ ಬೀಗ ಹಾಕಿ. ಆಮೇಲೆ ‘ಸ್ತ್ರೀ ರಾಷ್ಟ್ರ ಲಕ್ಷ್ಮಿ ಕೈ ಕರ್ನಾಟಕ ಹುಣ್ಣಿಮೆ ಠಾಣೆ ಭಾಷೆ ಏಕೆ ಐದು ಝರಿ’ ಎಂಬ ಸಾಲನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಕೊಂಬು, ಹಲಂತ, ಅರ್ಕಾವತ್ತು, ಕಳೆದುಹೋಗುವ ಐದು ಅಕ್ಷರಗಳು, ಎರಡು ಮೆಟ್ಟಿಲಿನ ಒತ್ತು, ಎಲ್ಲವೂ ಅದರಲ್ಲಿವೆ. ನೀವು ಆರಿಸಿದ ಪ್ರತಿ ಉಪಕರಣದ ಮೂಲಕ ಮೊದಲು ಆ ಒಂದು ಸಾಲನ್ನು ಹಾಯಿಸಿ, ಬೈಟ್‌ಗಳನ್ನು ಹೋಲಿಸಿ ನೋಡಿ, ಅದು ಹಾಗೇ ಹೊರಬಂದರೆ ಲೇಖನಗಳನ್ನು ಒಳಗೆ ಬಿಡಿ.